ಮುಚ್ಚದ ಹೂ

ಚಿತ್ರದುರ್ಗದಂಥ ಬಂಡೆಗಳ ಊರಿನಲ್ಲಿ ಇಂದುಮತಿ ಎಂಬ ಹೆಂಗಸು ನಡುಮನೆಯಲ್ಲಿ ಸಮುದ್ರ ಸಾಕಿದ್ದಳು. ಗಾಜಿನ ತೊಟ್ಟಿ, ಉಪ್ಪುನೀರು, ಒಳಗೆ ಪುಟ್ಟ ಮೀನುಗಳು, ಜೀವಂತ ಹವಳಗಳು. ಅದರಲ್ಲಿ ಒಂದು ಹವಳ ಕಲ್ಲನ್ನೇ ಚಾಪೆಯಂತೆ ಹೊದ್ದು ಬೆಳೆದಿತ್ತು. ಅದರ ತುಂಬ ಅಂಗಿಯ ಗುಂಡಿಯಷ್ಟು ಹೂಗಳು, ನಡುವೆ ಕಿತ್ತಳೆ ಬಣ್ಣ, ಅಂಚಿಗೆ ಹಸಿರು ಕುಚ್ಚು. ನೋಡಲು ಹೂಗಳಾದರೂ ಅವು ಪ್ರಾಣಿಗಳು. ಮುಟ್ಟಿದರೆ ಸಾಕು, ಮುಚ್ಚಿಕೊಳ್ಳುತ್ತಿದ್ದವು. ಉಗುರಿನಷ್ಟು ಚೂರನ್ನು ತಂದು ಅಷ್ಟಗಲ ಬೆಳೆಸಿದವಳು ಇಂದುಮತಿ. ಕರೆಂಟು ಹೋದರೆ ಉಣ್ಣುವ ತಟ್ಟೆ ಬಿಟ್ಟೆದ್ದು ತೊಟ್ಟಿಗೆ ಬ್ಯಾಟರಿ ಜೋಡಿಸುತ್ತಿದ್ದಳು.

ಈ ವಿದ್ಯೆ ಕಲಿಸಿದವರು ತಿಪ್ಪೇಸ್ವಾಮಿ ಮೇಷ್ಟ್ರು. ಊರಿನಲ್ಲಿ ಇಂಥ ತೊಟ್ಟಿ ಮೊದಲು ಇಟ್ಟವರೇ ಅವರು. ಅವರ ಮೊದಲ ಪಾಠ ಹೀಗಿತ್ತು: "ಹೊಸ ಹವಳ ಯಾರೇ ಕೊಡಲಿ, ಔಷಧದ ನೀರಿನಲ್ಲಿ ಅದ್ದಿ ಜಾಲಾಡಿಸು. ಬುಡ ತಿರುಗಿಸಿ ನೋಡು. ಆಮೇಲೆ ತೊಟ್ಟಿಗೆ ಬಿಡು."

ಒಂದು ದಿನ ಮೇಷ್ಟ್ರೇ ಡಬ್ಬಿಯಲ್ಲಿ ಹವಳದ ತುಂಡೊಂದನ್ನು ಹಿಡಿದು ಅವಳ ಮನೆಗೆ ಬಂದರು. ಇಂದುಮತಿ ಅಭ್ಯಾಸದಂತೆ ಎದ್ದಳು.

"ಎಲ್ಲಿಗಮ್ಮ?"

"ಔಷಧದ ಬಕೆಟ್ ತರ್ತೀನಿ ಮೇಷ್ಟ್ರೇ."

"ನಮ್ಮನೆಯದನ್ನೂ ತೊಳೀತೀಯಾ?" ಮೇಷ್ಟ್ರು ನಕ್ಕರು. ಬಾಯಿ ಮಾತ್ರ ನಕ್ಕಿತು. "ಮಗಳ ಮನೆಗೆ ತಂದ ಹಾಗೆ ತಂದಿದ್ದೀನಿ."

ಇಂದುಮತಿ ಕೂತುಬಿಟ್ಟಳು. ಗುರುಗಳು ಕೊಟ್ಟದ್ದನ್ನು ಅವರ ಎದುರೇ ಬುಡಮೇಲು ಮಾಡಿ ನೋಡುವುದುಂಟೆ? ತುಂಡನ್ನು ಹಾಗೇ ತೊಟ್ಟಿಗೆ ಬಿಟ್ಟಳು. ಮೇಷ್ಟ್ರು ಕಾಫಿ ಕುಡಿದು, ಹೊಗಳಿ, ಹೋದರು.

ಕೆಲವು ವಾರಗಳು ಕಳೆದವು. ಚಾಪೆಯಂತೆ ಬೆಳೆದಿದ್ದ ಹವಳದ ಒಂದು ಮೂಲೆಯ ಹೂಗಳು ಅರಳುವುದನ್ನು ಬಿಟ್ಟವು. ಆಮೇಲೆ ಆ ಮೂಲೆಯೇ ಬೋಳಾಯಿತು. ಬೋಳು ದಿನದಿನಕ್ಕೆ ಹರಡಿತು. ಇಂದುಮತಿಗೆ ಕೋಪ ಬಂತು. ಉಪ್ಪು ಸರಿಯಿಲ್ಲ ಎಂದು ಅಂಗಡಿಯವನನ್ನು ಬೈದಳು. ದೀಪ ಕೆಟ್ಟಿದೆ ಎಂದು ದೀಪ ಬದಲಾಯಿಸಿದಳು. ಕೊನೆಗೆ ಅತ್ತೆಯ ಮೇಲೆ ಹರಿಹಾಯ್ದಳು.

"ನಿಮ್ಮ ಊದುಬತ್ತಿ ಹೊಗೆಯಿಂದಲೇ ಇದೆಲ್ಲ."

"ಗಾಜಿನ ಆಚೆ ಇರೋ ಹವಳಕ್ಕೆ ಹೊಗೆ ತಗಲುತ್ತಾ? ಹಂಗಿದ್ರೆ ಎದುರಿಗೇ ಕೂತಿರೋ ದೇವರು ಇಷ್ಟೊತ್ತಿಗೆ ಕೆಮ್ಮಿ ಕೆಮ್ಮಿ ಎದ್ದು ಹೋಗಬೇಕಿತ್ತು," ಎಂದರು ಅತ್ತೆ.

ಅಷ್ಟರಲ್ಲಿ ಅವಳ ಕಣ್ಣಿಗೆ ಒಂದು ಮೀನು ಬಿತ್ತು. ಮೈಮೇಲೆ ನೀಲಿ ಗೆರೆಗಳಿದ್ದ ಪುಟ್ಟ ಮೀನು. ಹವಳದ ಮೇಲೆಯೇ ಸುತ್ತುತ್ತ, ಮತ್ತೆ ಮತ್ತೆ ಮೂತಿ ಹಾಕಿ ಕುಕ್ಕುತ್ತಿತ್ತು.

"ಸಿಕ್ಕಿಬಿದ್ದ ಕಳ್ಳ," ಎಂದಳು ಇಂದುಮತಿ.

"ಅದು ಹೂ ಕಚ್ತಾ ಇಲ್ಲ ಕಣೇ. ಸಂದಿಯಲ್ಲಿ ಏನೋ ಹೆಕ್ತಾ ಇದೆ. ಕೋಳಿ ಹುಳ ಹೆಕ್ಕೋ ಹಾಗೆ."

"ನೀವು ಸುಮ್ನಿರಿ ಅತ್ತೆ."

ಬಲೆ ಹಾಕಿ ಹಿಡಿದಳು. ಉಪ್ಪುನೀರಿನ ಬಕೆಟ್ಟಿಗೆ ಎಸೆದಳು. ಅದು ಎಗರುವ ಜಾತಿಯ ಮೀನು, ಬಕೆಟ್ಟಿಗೆ ಮುಚ್ಚಳ ಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೋಪಕ್ಕೆ ಗೊತ್ತಿರಲಿಲ್ಲ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಮೀನು ನೆಲದ ಮೇಲೆ ಒಣಗಿ ಬಿದ್ದಿತ್ತು.

"ಕದ್ದು ತಿಂದದ್ದಕ್ಕೆ ಸರಿಯಾಯ್ತು," ಎಂದು ಗುಡಿಸಿ ಹಾಕಿದಳು.

ಕಳ್ಳ ಸತ್ತ. ಕಳ್ಳತನ ಸಾಯಲಿಲ್ಲ. ಮೀನು ಹೋದ ಮೇಲೆ ಹವಳ ಇನ್ನೂ ಬೇಗ ಕರಗಿತು. ನೋಡನೋಡುತ್ತ ಅರ್ಧ ಕಲ್ಲು ಬೋಳು. ಈಗ ಬೈಯಲು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಸಿಟ್ಟಿಗೆ ಒಂದು ಪ್ಲಾಸ್ಟಿಕ್ ಕಡ್ಡಿ ತೆಗೆದುಕೊಂಡು ಹವಳವನ್ನೇ ತಿವಿದಳು.

ಹೂಗಳು ಒಂದೊಂದಾಗಿ ಮುಚ್ಚಿಕೊಂಡವು. ಒಂದು ಮಾತ್ರ ಮುಚ್ಚಲಿಲ್ಲ. ಅದೇ ಕಿತ್ತಳೆ, ಅದೇ ಹಸಿರು ಕುಚ್ಚು. ಮತ್ತೆ ತಿವಿದಳು. ಆ ಹೂ ಎದ್ದು ನಡೆಯಿತು.

ಅದು ಹೂವಲ್ಲ. ಚಿಪ್ಪಿಲ್ಲದ ಬಸವನಹುಳುವಿನಂಥ ಒಂದು ಕಡಲ ಹುಳು. ಇಂಥ ಹವಳವೇ ಅದರ ಊಟ. ಯಾವ ಹವಳ ತಿನ್ನುತ್ತದೋ ಆ ಹವಳದ ಬಣ್ಣವನ್ನೇ ಮೈಗೆ ಏರಿಸಿಕೊಳ್ಳುತ್ತದೆ. ತಿನ್ನುವ ಮನೆಯ ಬಟ್ಟೆಯನ್ನೇ ಉಟ್ಟು, ಮನೆಯವರ ನಡುವೆಯೇ ಕೂತಿರುತ್ತದೆ. ಹುಡುಕುವವರ ಕಣ್ಣು ಅದರ ಮೇಲೆಯೇ ಹಾದುಹೋಗುತ್ತದೆ. ಮೇಷ್ಟ್ರು ತಂದ ತುಂಡನ್ನು ಇಂದುಮತಿ ಈಗ ತಿರುಗಿಸಿ ನೋಡಿದಳು. ಬುಡದಲ್ಲಿ ಬಿಳಿಯ ಮೊಟ್ಟೆಗಳು ಚಕ್ಕುಲಿಯ ಹಾಗೆ ಸುತ್ತಿ ಅಂಟಿದ್ದವು. ಕೆಲವು ಒಡೆದು ಬರಿದಾಗಿದ್ದವು. ಆ ಗೆರೆಮೀನು ದಿನವೆಲ್ಲ ಹೆಕ್ಕುತ್ತಿದ್ದುದು ಇವುಗಳಿಂದ ಹೊರಬಂದ ಮರಿಹುಳುಗಳನ್ನು.

ಹುಳುವನ್ನು ಗಾಜಿನ ಲೋಟಕ್ಕೆ ಹಾಕಿಕೊಂಡು ಮೇಷ್ಟ್ರ ಮನೆಗೆ ನಡೆದಳು.

"ಮೇಷ್ಟ್ರೇ, ಇದು ನಿಮ್ಮ ತುಂಡಿನ ಜೊತೆ ಬಂದದ್ದು."

ಮೇಷ್ಟ್ರು ಲೋಟ ನೋಡಿದರು. ಆಶ್ಚರ್ಯಪಡಲಿಲ್ಲ.

"ನಿಮಗೆ ಗೊತ್ತಿತ್ತು."

"ಇರಬಹುದು ಅಂತ ಅನುಮಾನ ಇತ್ತಮ್ಮ. ನನ್ನೆದುರೇ ತೊಳೆದು ಅದು ಕಂಡುಬಿಟ್ರೆ? ಊರಿಗೆಲ್ಲ ಪಾಠ ಹೇಳೋನ ತೊಟ್ಟಿಗೇ ಹುಳ ಬಿದ್ದಿದೆ ಅಂದ್ರೆ ಜನ ಏನಂತಾರೆ? ನಾನು ಹೋದ ಮೇಲೆ ನೀನು ಹೇಗೂ ಹೊರಗೆ ತೆಗೆದು ತೊಳೀತೀಯ ಅಂದ್ಕೊಂಡೆ."

"ತೊಳೆಯೋಕೆ ಎದ್ದವಳನ್ನ ಕೂರಿಸಿದ್ದು ಯಾರು?"

ಮೇಷ್ಟ್ರು ಲೋಟದಿಂದ ಕಣ್ಣು ತೆಗೆದು ಕಿಟಕಿಯ ಕಡೆ ತಿರುಗಿದರು.

"ಏನೂ ಮಾಡದ ಮೀನನ್ನ ಕೊಂದೆ ನಾನು."

"ಹೋಗಲಿ ಬಿಡಮ್ಮ. ಒಂದು ಮೀನು ತಾನೆ? ನಾನೇ ಬೇರೆ ಕೊಡ್ತೀನಿ."

"ನೀವು ಕೊಟ್ಟದ್ದು ಸಾಕು ಮೇಷ್ಟ್ರೇ," ಎಂದು ಲೋಟವನ್ನು ಅವರ ಮುಂದೆಯೇ ಇಟ್ಟು ಬಂದಳು.

ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮೇಷ್ಟ್ರನ್ನು ಉಗಿಯುತ್ತ ಬಂದಳು. ಉಗಿಯಬೇಕಾದವರೇ ಅವರು. ಆದರೆ ಮನೆ ಹತ್ತಿರವಾದಂತೆ ಆ ಸಿಟ್ಟು ಹೊರಳಿ ಅವಳನ್ನೇ ನೋಡತೊಡಗಿತು. ಮೇಷ್ಟ್ರು ಅವಳ ಕಾಲು ಕಟ್ಟಿರಲಿಲ್ಲ. ನಕ್ಕು ಎರಡು ಮಾತು ಆಡಿದ್ದರು, ಅಷ್ಟೆ. ಅಷ್ಟಕ್ಕೇ ಬೆಣ್ಣೆಯಾದವಳು ಮೀನಿನ ಮುಂದೆ ಯಮನಾದಳು. ಆ ಮೀನಿಗೆ 'ನಾನು ನಿಮ್ಮನೆಯವನಲ್ಲವೇ' ಎನ್ನಲು ಬಾಯಿರಲಿಲ್ಲ.

ಅತ್ತೆ ಬಾಗಿಲು ತೆಗೆದರು.

"ಬೈದು ಬಂದ್ಯಾ?"

"ಬೈದೆ."

"ಸಮಾಧಾನ ಆಯ್ತಾ?"

"ಇಲ್ಲ ಅತ್ತೆ. ಬೈಯಬೇಕಾದ ದಿನ ಕಾಫಿ ಕೊಟ್ಟು ಕಳಿಸಿದೆ."

ನೀತಿ: ಕೊಟ್ಟವರು ಎಷ್ಟೇ ದೊಡ್ಡವರಾಗಿರಲಿ, ಕೊಟ್ಟದ್ದನ್ನು ತಿರುಗಿಸಿ ನೋಡಿ. ಅದು ಅವಮಾನವಲ್ಲ. ನೋಡಬೇಡ ಎನ್ನುವವರ ಎದುರು ಇನ್ನೂ ಚೆನ್ನಾಗಿ ನೋಡಿ. ದೊಡ್ಡವರ ಮುಂದೆ ನುಂಗಿಕೊಂಡ ಮಾತು ಹೊಟ್ಟೆಯಲ್ಲಿ ಸುಮ್ಮನಿರುವುದಿಲ್ಲ, ಒಂದು ದಿನ ಬಾಯಿಲ್ಲದವರ ಮೇಲೆ ಏಟಾಗಿ ಬೀಳುತ್ತದೆ. ಹಾಗೆ ನುಂಗಿಕೊಳ್ಳುವುದಕ್ಕೆ ದಾಕ್ಷಿಣ್ಯ ಎಂದು ಒಳ್ಳೆಯ ಹೆಸರು ಕೊಡಬೇಡಿ. ಅದರ ಹೆಸರು ಹೇಡಿತನ.