ಮೊಟ್ಟೆಗಳಿಗೆ ಮಗ್ಗಿ ಹಾಡಿದ ಆಮೆ

ಒಂದು ಕಾಡಿನಲ್ಲಿ ಸದ್ದು ಮಾಡದೆ ಹರಿಯುವ ಹೊಳೆಯೊಂದಿತ್ತು. ಅದರ ದಡದ ಬೆಚ್ಚನೆಯ ಮರಳಿನಲ್ಲಿ ನಿಂಗವ್ವ ಎಂಬ ಆಮೆ ಮೊಟ್ಟೆಯಿಟ್ಟಿತ್ತು. ಆರು ಸಾಲು, ಸಾಲಿಗೆ ಏಳು ಮೊಟ್ಟೆ. ಮೇಲೆ ತೆಳ್ಳಗೆ ಮರಳು ಹೊದಿಸಿತ್ತು.

ಆ ಹೊಳೆಯ ಆಮೆಗಳದ್ದು ಒಂದು ಪದ್ಧತಿ. ಮೊಟ್ಟೆಯೊಳಗಿನ ಮಕ್ಕಳಿಗೆ ಅವು ಜೋಗುಳದ ಬದಲು ಮಗ್ಗಿ ಹಾಡುತ್ತಿದ್ದವು. ಬಿಸಿಲು ಇಳಿಯುವ ಹೊತ್ತಿಗೆ ನಿಂಗವ್ವ ಕಣ್ಣು ಅರೆಮುಚ್ಚಿ ರಾಗ ಎಳೆಯುತ್ತಿತ್ತು. "ಆರೊಂದ್ಲ ಆರು... ಆರೆರಡ್ಲ ಹನ್ನೆರಡು..." ಕೊಕ್ಕರೆ ಒಂಟಿಕಾಲಿನಲ್ಲೇ ತೂಕಡಿಸುತ್ತಿತ್ತು. ಹೊಳೆಗೂ ಮಂಪರು ಹತ್ತುತ್ತಿತ್ತು. "ಆರೇಳ್ಲ..." ಎಂದು ನಿಂಗವ್ವ ನಿಲ್ಲಿಸಿದರೆ, ಮರಳಿನೊಳಗಿಂದ ಸಣ್ಣ ಸಣ್ಣ ದನಿಗಳು "ನಲವತ್ತೆರಡು" ಎನ್ನುತ್ತಿದ್ದವು. ನಂಬದಿದ್ದರೆ ಆ ಕೊಕ್ಕರೆಯನ್ನೇ ಕೇಳಿ!

ಪಕ್ಕದ ಮತ್ತಿಮರದ ಕೆಳಗಿದ್ದ ಜಕ್ಕಪ್ಪ ನರಿಗೆ ಮಾತ್ರ ಮೊಟ್ಟೆಗಳು ಹೀಗೆ ದನಿಗೂಡಿಸುವುದು ಗೊತ್ತಿರಲಿಲ್ಲ. ಮಗ್ಗಿ ಎಂದರೆ ಅದಕ್ಕೆ ಮಹಾ ಬೇಸರ. ಆರೆರಡ್ಲ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿತ್ತು.

ಒಂದು ದಿನ ನರಿ ನಯವಾಗಿ ಹೇಳಿತು, "ಅಕ್ಕಾ, ಹೊಟ್ಟೆಗಿಲ್ಲದೆ ಎಷ್ಟು ಹೊತ್ತು ಕೂರ್ತೀಯ? ಹೊಳೆಗಿಳಿದು ಏನಾದರೂ ತಿಂದು ಬಾ. ಮೊಟ್ಟೆ ನಾನು ನೋಡ್ಕೋತೀನಿ."

"ನಿನಗೆ ಪುಣ್ಯ ಬರಲಿ ತಮ್ಮಾ," ಎಂದು ನಿಂಗವ್ವ ನೀರಿಗಿಳಿಯಿತು.

ನರಿ ಸಾಲಿಗೊಂದರಂತೆ ಮೊಟ್ಟೆ ಕದ್ದು, ಆಮೇಲೆ ತಿಂದರಾಯಿತೆಂದು ಮತ್ತಿಮರದ ಬೇರಿನ ಸಂದಿಯಲ್ಲಿ ಬಚ್ಚಿಟ್ಟಿತು. ಬಾಲದಿಂದ ಮರಳು ಸವರಿ, ಏನೂ ಅರಿಯದವರ ಹಾಗೆ ಕೂತುಕೊಂಡಿತು.

ನಿಂಗವ್ವ ಬಂದು ಮರಳು ಸರಿಸಿ ನೋಡಿತು. "ತಮ್ಮಾ, ಮೊಟ್ಟೆ ಕಡಿಮೆ ಆಗಿವೆ!"

"ಸಾಲು ಎಣಿಸಕ್ಕಾ. ಆಗಲೂ ಆರು, ಈಗಲೂ ಆರು. ಕಡಿಮೆ ಹೇಗಾಗುತ್ತೆ?"

"ಬರೀ ಸಾಲು ಎಣಿಸಿದರೆ ಆಯ್ತೇನೋ? ಒಂದೊಂದು ಸಾಲಿನಲ್ಲಿ ಎಷ್ಟಿವೆ ಅಂತಲೂ ನೋಡಬೇಡವೇ? ಏಳಿದ್ದ ಕಡೆ ಆರಿವೆ. ಆರೇಳ್ಲ ನಲವತ್ತೆರಡು, ಆರಾರ್ಲ ಮೂವತ್ತಾರು. ನನ್ನ ಆರು ಮಕ್ಕಳು ಎಲ್ಲಿ?"

"ನಿದ್ದೆಗಣ್ಣಲ್ಲಿ ಮಗ್ಗಿ ಹೇಳಿ ನಿನ್ನ ಲೆಕ್ಕ ತಪ್ಪಿದೆ. ಮೊದಲಿಂದಲೂ ಇದ್ದದ್ದು ಇಷ್ಟೇ," ಎಂದು ನರಿ ನಕ್ಕಿತು.

ನಿಂಗವ್ವನಿಗೆ ಅಳು ಉಕ್ಕಿ ಬಂತು. ಅಷ್ಟರಲ್ಲಿ ಬಿಸಿಲು ಇಳಿದಿತ್ತು. ಪಾಪ, ಉಳಿದ ಮಕ್ಕಳಾದರೂ ಮಲಗಬೇಕಲ್ಲ! ಅಳುತ್ತಲೇ ಮಗ್ಗಿ ಶುರು ಮಾಡಿತು. ಮೊಟ್ಟೆ ತಿನ್ನುವ ಆಸೆಗೆ ನರಿ ಅಂದು ಎಚ್ಚರವಾಗಿಯೇ ಇತ್ತು.

"ಆರೇಳ್ಲ..."

"ನಲವತ್ತೆರಡು," ಎಂದಿತು ಮರಳು.

"ನಲವತ್ತೆರಡು!" ಎಂದಿತು ಮತ್ತಿಮರದ ಬೇರು.

ನರಿ ಚಂಗನೆ ಎದ್ದಿತು. ಬೇರಿಗೆ ಭೂತ ಹೊಕ್ಕಿತೆಂದು ದಿಕ್ಕೆಟ್ಟು ಓಡಿ ಹೊಳೆಗೆ ಬಿತ್ತು. ನೀರು ಕುಡಿದು, ಕೆಸರು ಮೆತ್ತಿಕೊಂಡು, ಕುಂಯ್‌ಗುಡುತ್ತಾ ಆಚೆ ದಡ ಸೇರಿತು. ನಿಂಗವ್ವ ದನಿ ಬಂದ ಬೇರಿನ ಸಂದಿಯಿಂದ ಆರೂ ಮೊಟ್ಟೆಗಳನ್ನು ಎದೆಗೊತ್ತಿಕೊಂಡು ತಂದು, ಸಾಲಿಗೊಂದರಂತೆ ಮತ್ತೆ ಮಲಗಿಸಿತು.

ಮರಿಗಳು ಹೊರಬಂದ ಮೇಲೂ ನರಿಗೆ ಬಿಡುಗಡೆ ಸಿಗಲಿಲ್ಲ. ಅದು ನೀರು ಕುಡಿಯಲು ಬಂದಾಗಲೆಲ್ಲ ಹೊಳೆಯ ತುಂಬ ಪುಟ್ಟ ತಲೆಗಳು ಮೇಲೇಳುತ್ತಿದ್ದವು. "ಜಕ್ಕಪ್ಪ ಮಾವಾ, ಆರೇಳ್ಲ?" ಎಂದು ಕೇಳುತ್ತಿದ್ದವು. ಪಾಪ, ನರಿ ಬಾಯಾರಿಕೆಯಲ್ಲೇ ಬಾಲ ಮುದುರಿಕೊಂಡು ಓಡುತ್ತಿತ್ತು.

ನೀತಿ: ಮಗ್ಗಿಯನ್ನು ಅರ್ಥ ತಿಳಿದು ಕಲಿತವರಿಗೆ ಯಾರೂ ಸುಳ್ಳು ಲೆಕ್ಕ ಒಪ್ಪಿಸಲಾರರು.