ಮರಿಸ್ವಾಮಿ ಮತ್ತು ಜೈಲರ್ ಸಾಹೇಬ್ರ ಮೀನು

ಪ್ರತಿ ಊರಿಗೂ ಒಬ್ಬ ಪೆದ್ದ ಇರ್ತಾನೆ. ಇಲ್ಲ ಅನ್ನೋ ಊರಲ್ಲಿ ಎಲ್ಲರೂ ಅವ್ರೇ. ಮೈಸೂರಲ್ಲಿ ನಮ್ ಬೀದಿ ಪಾಲಿಗೆ ಬಂದೋನು ಮರಿಸ್ವಾಮಿ. ಮೀಸೆ ಬಂದು ಯಾವ ಕಾಲವಾಯ್ತೋ, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಹೇಳ್ದಂಗೇ ಮಾಡೋನು. ಅದೇ ಅವನ ರೋಗ.

ಅವನವ್ವ ಕೆಂಪಾಜಮ್ಮ, ರಿಟೈರ್ಡ್ ಜೈಲರ್ ಅಪ್ಪಚ್ಚು ಸಾಹೇಬ್ರ ಮನೇಲಿ ಅಡುಗೆಯೋಳು. ಹಿಂದ್ಗಡೆ ಔಟ್‌ಹೌಸಲ್ಲಿ ತಾಯಿ ಮಗನ ವಾಸ. ಅದು ಹೋದ್ರೆ ಬೀದಿ.

ಸಾಹೇಬ್ರ ನಡುಮನೇಲಿ ಒಂದು ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಹೂವಿನಂಗೆ ಅರಳೋ ಜೀವಂತ ಹವಳ, ಪಟ್ಟೆಪಟ್ಟೆ ಜೋಡಿ ಮೀನು. ಜನ್ಮದಲ್ಲಿ ನಗದಿದ್ದ ಮನುಷ್ಯ ಆ ಮೀನು ನೋಡಿ ನಗೋರು. ಮೊಮ್ಮಗು ನೋಡಕ್ಕೆ ಪುಣೆಗೆ ಹೊರಟಾಗ ಅಂದ್ರು:

"ಕೆಂಪಾಜಮ್ಮ, ನಾನ್ ಬರೋ ಹೊತ್ಗೆ ಇವು ಜೀವಂತ ಇರ್ಬೇಕು. ಸತ್ರೆ, ಅವತ್ತೇ ಔಟ್‌ಹೌಸ್ ಖಾಲಿ."

ಮೆಲ್ಲಗೆ ಅಂದ್ರು. ಕೂಗಿದ್ರೆ ಅಷ್ಟು ಭಯ ಆಯ್ತಿರ್ಲಿಲ್ಲ.

ಕೆಂಪಾಜಮ್ಮ ಹೊತ್ತಾರೆ ಹಾಸ್ಟೆಲ್ ಅಡುಗೆಗೂ ಹೋಗ್ಬೇಕು. "ಮೀನಿಗೆ ಊಟ ಹಾಕ್ಲಾ ಮಗ, ಹಸ್ಕೊಂಡಿರಬಾರ್ದು," ಅಂತ ಹೇಳಿ ಹೋದ್ಲು. ಬಂದು ನೋಡ್ತಾಳೆ, ಡಬ್ಬಿ ಖಾಲಿ, ತೊಟ್ಟಿ ಗಂಜಿ.

"ಪೂರ್ತಿ ಸುರಿದ್ಯಲ್ಲೋ?"

"ಅವು ಸಾಕು ಅನ್ನಲಿಲ್ಲ ಕಣವ್ವ. ಬಾಯಿ ತೆಗೀತಾನೇ ಇದ್ವು."

"ಮೀನು ಬಾಯಿ ತೆಗಿಯೋದು ಉಸಿರಿಗೆ ಕಣ್ಲಾ, ಮುಂಡೇದೆ. ಮಿಕ್ಕಿದ್ದು ಕೊಳೆತು ನೀರೇ ವಿಷ ಆಯ್ತದೆ. ಕೊಳೆ ಕಂಡ್ರೆ ತಿಕ್ಕಿ ತೊಳಿ, ತಿಳೀತಾ?"

"ತಿಳೀತು."

ಮಾರನೇ ದಿನ ಗಾಜಿಗೆ ಪಾಚಿ ಬಂತು. ಅದು ಮರಿಸ್ವಾಮಿ ಕಣ್ಣಿಗೆ ಬೀಳ್ಲಿಲ್ಲ. ತೊಟ್ಟಿ ಕೆಳಗಿನ ಬೀರು ತೆಗೆದ, ಅಲ್ಲಿ ಫಿಲ್ಟರ್ ಕಲ್ಲುಗಳು ಕಂಡ್ವು, ಕಂದು ಬಣ್ಣ, ಲೋಳೆಲೋಳೆ. ಎಲ್ಲಾನೂ ಬಿಸಿನೀರಲ್ಲಿ, ಪಾತ್ರೆ ಸೋಪಲ್ಲಿ, ತೆಂಗಿನ ನಾರು ಹಾಕಿ ತಿಕ್ದ. ಗಸಗಸ ಗಸಗಸ. ಕೆಂಪಾಜಮ್ಮ ಬರೋ ಹೊತ್ಗೆ ಕಲ್ಲು ಕೋಸಂಬರಿ ಬಟ್ಟಲಿನಂಗೆ ಹೊಳೀತಿದ್ವು. ಮೀನು ಮೇಲಕ್ಕೆ ಬಂದು ಏದುಸಿರು ಬಿಡ್ತಿದ್ವು.

"ಅಯ್ಯೋ ನನ್ ಕರ್ಮವೇ. ಆ ಲೋಳೇಲಿ ಕಣ್ಣಿಗೆ ಕಾಣದ ಜೀವ ಇರ್ತವೆ, ಮೀನಿನ ಹೊಲಸು ತಿಂದು ನೀರು ಕಾಯೋದೇ ಅವು. ಸಾಹೇಬ್ರು ಆ ಕಲ್ಲು ಮುಟ್ಟಕ್ಕೂ ನನ್ನ ಬಿಡ್ತಿರ್ಲಿಲ್ಲ. ಎಲ್ಲಾನೂ ಕೊಂದ್ಯಲ್ಲೋ."

"ತೊಳಿ ಅಂದೆ, ತೊಳ್ದೆ."

"ಇನ್ಮೇಲೆ ಕಂದು ಕಂಡ್ರೂ ನಾತ ಬಂದ್ರೂ ಬಿಸಾಡಬ್ಯಾಡ. ಒಳಗಿಂದು ಒಳಗೇ ಇರ್ಲಿ."

ಸಂಜೆ ಫೋನು. "ಹೆಂಗಿವೆ?" ಅಂದ್ರು ಸಾಹೇಬ್ರು.

"ಚೆನ್ನಾಗವೆ ಸಾರ್." ಕೆಂಪಾಜಮ್ಮ ತೊಟ್ಟಿಗೆ ಬೆನ್ನು ಹಾಕಿ ಅಂದ್ಲು.

"ನಾಳೆ ಸಂಜೆ ಬರ್ತೀನಿ."

ಆ ರಾತ್ರಿ ಅನ್ನ ಗಂಟಲಲ್ಲಿ ಇಳೀಲಿಲ್ಲ. ಅಮ್ಮಂಗೆ ಮಾತ್ರ. ಮಗ ಎರಡು ಸಲ ಹಾಕಿಸ್ಕೊಂಡ.

ತೊಟ್ಟಿ ಪಕ್ಕ ಒಂದು ಕೊಳವೆ ಇತ್ತು. ಅದು ನೊರೆ ಎಬ್ಬಿಸಿ ನೀರಿನ ಹೊಲಸನ್ನೆಲ್ಲ ಮೇಲಿನ ಲೋಟಕ್ಕೆ ಎಳೆಯೋದು. ಬೆಳಿಗ್ಗೆ ಆ ಲೋಟ ತುಂಬಿತ್ತು, ಕಂದು ಕಷಾಯ, ಚರಂಡಿ ನಾತ. ಮರಿಸ್ವಾಮಿ ಮೂಗು ಮುಚ್ಕೊಂಡು ಅಷ್ಟನ್ನೂ ವಾಪಸ್ ತೊಟ್ಟಿಗೆ ಸುರಿದ. ಒಳಗಿಂದು ಒಳಗೇ ತಾನೇ.

ಹವಳ ಮುದುಡ್ಕೊಳ್ತು. ಒಂದು ಮೀನು ವಾಲ್ತು.

ಹಾಸ್ಟೆಲ್‌ಗೆ ಹೊರಟಿದ್ದ ಕೆಂಪಾಜಮ್ಮ ಅಲ್ಲೇ ಕುಕ್ಕರಿಸಿದ್ಲು. ಬೈಯಕ್ಕೂ ಶಕ್ತಿ ಇಲ್ಲ. "ನಮ್ ಗಂಟುಮೂಟೆ ಕಟ್ಟೋದೇ ಸರಿ. ಈ ನೀರಲ್ಲಿ ಅವು ಸಂಜೆ ತನಕ ಉಳಿಯಲ್ಲ. ಸಮುದ್ರದ ಜೀವ ಕಣ್ಲಾ ಅವು, ಸಮುದ್ರದ ನೀರಲ್ಲಿದ್ರೆ ಮಾತ್ರ ಬದುಕ್ತವೆ. ಸಾಹೇಬ್ರು ಉಪ್ಪು ಕಲಸಿಟ್ಟಿರೋ ಡ್ರಮ್ ಇರ್ಬೇಕು, ಹುಡುಕ್ತೀನಿ ಇರು," ಅಂತ ಹಿತ್ತಲಿಗೆ ಹೋದ್ಲು.

ಡ್ರಮ್ ಉರುಳಿಸ್ಕೊಂಡು ಬರೋ ಹೊತ್ಗೆ ತೊಟ್ಟೀಲಿ ಮೀನಿಲ್ಲ, ಹವಳ ಇಲ್ಲ, ಮನೇಲಿ ನೀರಿನ ಕ್ಯಾನಿಲ್ಲ, ಮರಿಸ್ವಾಮಿ ಇಲ್ಲ.

ಸಂಜೆ ಗೇಟು ಸದ್ದಾಯ್ತು. ಸಾಹೇಬ್ರು ಬೂಟು ಬಿಚ್ಚದೇ ತೊಟ್ಟಿ ಮುಂದೆ ನಿಂತ್ರು. ಆಗ್ಲೇ ಕೆಂಪಾಜಮ್ಮಂಗೆ ಫೋನು ಬಂತು. ಸಾಹೇಬ್ರೇ ಕಿತ್ಕೊಂಡ್ರು.

"ಅವ್ವ, ಬಸ್ಸಲ್ಲಿ ಮಂಗಳೂರಿಗೆ ಬಂದೆ. ಸಮುದ್ರದ ನೀರಿಗೇ ಬಿಟ್ಟೆ. ಬದುಕ್ಕೊಂಡ್ವು. ಎಷ್ಟ್ ಚೆನ್ನಾಗಿ ಓಡೋದ್ವು ಗೊತ್ತಾ."

"ಹೋಗಿ ಹಿಡ್ಕೊಂಡ್ ಬಾರೋ ಕತ್ತೆ," ಅಂದ್ರು ಸಾಹೇಬ್ರು.

"ಆಯ್ತು ಸಾರ್."

ಛಳಕ್ ಛಳಕ್ ಅಂತ ನೀರು ತುಳಿಯೋ ಸದ್ದು. ಆಮೇಲೆ ಅಲೆ ಸದ್ದು, ದೊಡ್ಡದು. ಸಾಹೇಬ್ರ ಮುಖ ಬಿಳಿಚ್ಕೊಳ್ತು. ಕೆಂಪಾಜಮ್ಮ ಫೋನು ಕಸ್ಕೊಂಡ್ಲು.

"ಮಗ, ಬ್ಯಾಡ ಕಣೋ. ಎಲ್ಲಿದ್ಯೋ ಅಲ್ಲೇ ನಿಂತ್ಕೋ. ಒಂದು ಹೆಜ್ಜೆ ಕದಲಬ್ಯಾಡ."

"ಸರಿ ಅವ್ವ." ಮತ್ತೆ ಅಲೆ. "ಅವ್ವ, ನೀರು ಎದೆಗೆ ಬಂತು. ಕದಲಂಗಿಲ್ಲ ತಾನೇ?"

ಕೆಂಪಾಜಮ್ಮ ಫೋನು ಸಾಹೇಬ್ರ ಕಡೆ ಚಾಚಿದ್ಲು. ಏನಂದ್ರೂ ಅದನ್ನೇ ಮಾಡ್ತಾನೆ. ಏನನ್ನೋದು?

"ಮೀನು ಹಾಳಾಗ್ಲಿ," ಅಂತ ಸಾಹೇಬ್ರು ಫೋನಿಗೆ ಬಾಯಿಟ್ಟು ಕಿರುಚಿದ್ರು, "ಔಟ್‌ಹೌಸ್ ನಿಮ್ದೇ ಕಣೋ, ದಡಕ್ಕೆ ಬಾ."

ಫೋನು ಬುಳುಬುಳು ಅಂತು. ಕಟ್ಟಾಯ್ತು. ಕೆಂಪಾಜಮ್ಮ ತೊಟ್ಟಿ ಗಾಜು ಹಿಡ್ಕೊಂಡು ನಿಂತೇ ಇದ್ಲು.

ಎಷ್ಟೋ ಹೊತ್ತಾದ್ಮೇಲೆ ಗೊತ್ತಿಲ್ಲದ ನಂಬರಿಂದ ಫೋನು. ಬಲೆ ಎಳೆಯೋರು ಯಾರೋ.

"ಅಮ್ಮ, ನಿಮ್ಮ ಹುಡುಗನ್ನ ಎಳ್ದು ಹಾಕಿದ್ದೇವೆ. ಜೀವ ಉಂಟು. ಆದ್ರೆ ಅವ್ನು ನಮ್ಗೇ ಬೈತಾನೆ ಮಾರಾಯ್ರೆ. ಅವ್ವ ಕದಲಬ್ಯಾಡ ಅಂದವ್ಳೆ, ನೀವ್ಯಾಕೆ ಕದಲಿಸಿದ್ರಿ ಅಂತ. ಈಗ ಪುನಃ ಅಲ್ಲಿಗೇ ಹೋಗಿ ನಿಲ್ತೇನೆ ಅಂತಾನೆ. ನಾಲ್ಕು ಜನ ಅವ್ನ ಮೇಲೆ ಕೂತಿದ್ದೇವೆ. ಬೇಗ ಬನ್ನಿ."