ತಂಗೆವ್ವನ ಹಿಮ್ಮಡಿ

ಪರಮಪೂಜ್ಯ ಶ್ರೀ ನಿರಾಲಂಬ ಅವಧೂತರು ಆ ವರ್ಷ ಭೀಮಾತೀರದ ಹಾಳು ಸುಣ್ಣದ ಗೂಡೊಂದರಲ್ಲಿ ತಂಗಿದ್ದರು. ಮಠವಿಲ್ಲ, ಪೀಠವಿಲ್ಲ, ಒಂದು ಗೋಣಿತಟ್ಟು, ಆರದೆ ಉರಿಯುವ ಧುನಿಯ ಬೆಂಕಿ, ಅಷ್ಟೇ ಆಸ್ತಿ. ಅಂಗಳವನ್ನು ತಾವೇ ಗುಡಿಸುತ್ತಿದ್ದರು. ಬಂದವರಿಗೆ ಚಿಟಿಕೆ ವಿಭೂತಿ ಕೊಡುತ್ತಿದ್ದರು, ಮಾತು ಅದಕ್ಕಿಂತ ಕಡಿಮೆ.

ಊರಿನ ತಂಗೆವ್ವನಿಗೆ ಮಾತ್ರ ಇದೆಲ್ಲ ನಗೆಪಾಟಲು. ಎಲುಬು ಕೂಡಿಸುವ ಬಾಳಪ್ಪನ ಮಗಳು ಆಕೆ. "ಬೂದಿ ಬಡಿದ್ರ ಎಲುಬು ಕೂಡತಾವೇನು?" ಎಂದು ಬಾವಿಕಟ್ಟೆಯಲ್ಲಿ ಆಡಿಕೊಳ್ಳುತ್ತಿದ್ದಳು. ತಂದೆಗೆ ಎಣ್ಣೆ ಕಾಯಿಸಿ ಕೊಟ್ಟವಳು, ನರಳುವವರ ತಲೆ ಹಿಡಿದವಳು. ಆದರೆ ತಾನಾಗಿ ಒಂದು ಕೀಲಿಗೂ ಕೈಹಾಕಿದವಳಲ್ಲ.

ತಂದೆ ತೀರಿಕೊಂಡ ಆರು ತಿಂಗಳಿಗೆ, ದೋಣಿಯ ಹಗ್ಗ ಜಗ್ಗುವಾಗ ಕಾಲು ಜಾರಿ ಅವಳ ಗಂಡ ದುಂಡಪ್ಪನ ಬಲಭುಜದ ಕೀಲು ತಪ್ಪಿತು. ಹುಟ್ಟು ಹಾಕುವ ಕೈ. ಅದು ಹೋದರೆ ಅಂಬಿಗನ ಬಾಳೇ ಹೋದಂತೆ. ಬಾವು ಏರಿತೆಂದರೆ ಬ್ರಹ್ಮ ಬಂದರೂ ಕೂಡದು ಎಂದು ತಂದೆ ಹೇಳುತ್ತಿದ್ದರು. ಕೂಡಿಸುವ ಬಗೆಯೇನೋ ಅವಳಿಗೆ ಗೊತ್ತಿತ್ತು. ಮಲಗಿಸಿ, ಕಂಕುಳಲ್ಲಿ ಹಿಮ್ಮಡಿ ಊರಿ, ಕೈಯನ್ನು ನಿಧಾನವಾಗಿ ಜಗ್ಗಬೇಕು. ಆದರೆ ತಾಳಿ ಕಟ್ಟಿದ ಗಂಡನಿಗೆ ಕಾಲು ತಾಗಿಸುವುದೇ? ಎರಡು ಸಲ ಕಾಲೆತ್ತಿ ಎರಡು ಸಲವೂ ಇಳಿಸಿದಳು. ಕೊನೆಗೆ ನಡುಮಧ್ಯಾಹ್ನದ ಬಿಸಿಲಲ್ಲಿ, ನಕ್ಕ ಬಾಯಿಯನ್ನು ಮುಚ್ಚಿಕೊಂಡು, ಅವನನ್ನು ಸುಣ್ಣದ ಗೂಡಿಗೇ ನಡೆಸಿಕೊಂಡು ಬಂದಳು.

"ಯಪ್ಪಾ, ನೀವ ಏನರ ಮಾಡ್ರಿ. ಗಂಡನ ಮ್ಯಾಲ ಕಾಲ ಹ್ಯಾಂಗ ಇಡ್ಲಿ? ನರಕಕ್ಕ ಹೋಗ್ತೀನ್ರಿ" ಎಂದು ಅತ್ತಳು.

ಶ್ರೀಗಳು ಕಸಬರಿಗೆಯನ್ನು ಬದಿಗಿಟ್ಟರು. ದುಂಡಪ್ಪನನ್ನು ಧುನಿಯ ಆಚೆ ಮಲಗಿಸಿ, ಈಚೆ ತಾವೂ ಅಂಗಾತ ಮಲಗಿದರು.

"ಹಂಗಾದ್ರ ನನ್ನ ಮ್ಯಾಲ ಇಡು, ತಾಯಿ."

ಅದಕ್ಕಿಂತ ಘೋರ ಪಾಪವುಂಟೇ! ಬೇಡವೆನ್ನಲು ಬಗ್ಗಿದ ತಂಗೆವ್ವ ಗುರುಗಳ ಬಲಭುಜವನ್ನು ಕಂಡು ಬೆಚ್ಚಿದಳು. ಈಗಷ್ಟೇ ಕಸ ಗುಡಿಸುತ್ತಿದ್ದ ಆ ಭುಜ ಚಪ್ಪಟೆಯಾಗಿತ್ತು. ಮುಟ್ಟಿ ನೋಡಿದರೆ ಕೀಲಿನ ಜಾಗದಲ್ಲಿ ಹಳ್ಳ, ಎಲುಬಿನ ಗುಂಡು ಮುಂದಕ್ಕೆ ಜಾರಿ ಕೂತಿದೆ. ದುಂಡಪ್ಪ ಅತ್ತ ಕಣ್ಣು ತೆರೆದುಕೊಂಡೇ ಸುಮ್ಮನೆ ಮಲಗಿದ್ದ. ನರಳಿಕೆ ಗುರುಗಳ ಗಂಟಲಿನಿಂದ ಬರುತ್ತಿತ್ತು, ದನಿ ಮಾತ್ರ ಅವಳ ಗಂಡನದು. ಹತ್ತು ವರ್ಷ ಪಕ್ಕದಲ್ಲಿ ಕೇಳಿದ ದನಿ, ತಪ್ಪುವಂತಿಲ್ಲ. ಹೊಳೆಯ ಸದ್ದು ಯಾವಾಗ ನಿಂತಿತೋ ಅವಳಿಗೆ ತಿಳಿಯಲಿಲ್ಲ. ಅವಳಿಗೆ ಜೀವ ಹಾರಿಹೋಗುವಷ್ಟು ಭಯವಾಯಿತು.

ಓಡಿಹೋಗಲು ಹಿಂದೆ ಸರಿದವಳ ಕಾಲು ಧುನಿಯಂಚಿನ ತಣ್ಣನೆಯ ಬೂದಿಯನ್ನು ತುಳಿಯಿತು. ಮತ್ತೆ ಆ ನರಳಿಕೆ ಕೇಳಿಸಿತು. ತಂಗೆವ್ವ ತಿರುಗಿದಳು, ಕೂತಳು, ಬೂದಿ ಮೆತ್ತಿದ ಹಿಮ್ಮಡಿಯನ್ನು ಗುರುಗಳ ಕಂಕುಳಿಗೆ ಊರಿ, ಎರಡೂ ಕೈಯಲ್ಲಿ ಅವರ ಮಣಿಕಟ್ಟು ಹಿಡಿದು ಜಗ್ಗತೊಡಗಿದಳು. ಕಣ್ಣೀರು ಸುರಿಯುತ್ತಿತ್ತು, ಆದರೂ ಹಿಡಿತ ಬಿಡಲಿಲ್ಲ.

ಕಳಕ್ಕೆಂದು ಸದ್ದಾಯಿತು. ಅದು ಕೇಳಿಸಿದ್ದು ಧುನಿಯ ಆಚೆಯಿಂದ.

ದುಂಡಪ್ಪ ಎದ್ದು ಕೂತು ಬಲಗೈಯನ್ನು ಮೇಲೆತ್ತಿ ನೋಡಿಕೊಳ್ಳುತ್ತಿದ್ದ. ಅವನ ಕಂಕುಳಲ್ಲಿ ಬೂದಿಯ ಹಿಮ್ಮಡಿ ಗುರುತು ಬೆಳ್ಳಗೆ ಮೂಡಿತ್ತು. ತಂಗೆವ್ವ ಈಚೆ ತಿರುಗಿದಾಗ ಶ್ರೀಗಳು ಅಲ್ಲಿ ಮಲಗಿರಲಿಲ್ಲ. ಅಂಗಳದ ಮೂಲೆಯಲ್ಲಿ ಅದೇ ಬಲಗೈಯಿಂದ ಕಸ ಗುಡಿಸುತ್ತಿದ್ದರು.

"ನಾ ಯಾರ ಮ್ಯಾಲ ಕಾಲ ಇಟ್ಟೆರಿ, ಯಪ್ಪಾ?" ಎಂದು ಆಕೆ ಕೇಳಿದಳು.

"ಅಂವ ಬ್ಯಾರೆ, ನಾ ಬ್ಯಾರೆ ಅಂತ ನಿನಗ ಯಾರು ಹೇಳಿದ್ರು?"

ಅಷ್ಟೇ ಹೇಳಿ ಶ್ರೀಗಳು ಮತ್ತೆ ಕಸ ಗುಡಿಸತೊಡಗಿದರು.

ತಂಗೆವ್ವ ಮುಪ್ಪಿನವರೆಗೂ ಆ ಸೀಮೆಯವರ ಕೀಲು ಕೂಡಿಸಿದಳು. ಕುಡಿದು ಬಿದ್ದು ಬಂದ ಹಮಾಲನಾದರೂ ಸರಿ, ಮೊದಲು ಅವನ ಪಾದ ಮುಟ್ಟಿ ನಮಸ್ಕರಿಸಿ, ಆಮೇಲೆ ಕಂಕುಳಿಗೆ ಹಿಮ್ಮಡಿ ಕೊಡುತ್ತಿದ್ದಳು. ಇದೆಂಥ ಪದ್ಧತಿ ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: "ಮುಂದ ಮಲಗಿದಾಂವ ಯಾರಂತ ನನಗೇನ ಗೊತ್ತರಿ?"